ಶಿರಾಡಿ ಘಾಟಿ ಹೆದ್ದಾರಿಯ ಉನ್ನತೀಕರಣ ಮತ್ತು ನಿರ್ವಹಣೆ

ಶಿರಾಡಿ ಘಾಟಿಯು ಕರ್ನಾಟಕದ ಹಾಸನ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ನಡುವೆ ಪಶ್ಚಿಮ ಘಟ್ಟಗಳನ್ನು ಹಾದುಹೋಗುವ ರಸ್ತೆ ಮಾರ್ಗವಾಗಿದೆ. ಇದು ಬೆಂಗಳೂರು ಮತ್ತು ಮಂಗಳೂರು ನಗರಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 75ರ ಭಾಗ. ರಾಷ್ಟ್ರೀಯ ಹೆದ್ದಾರಿಗಳ ಸಂಖ್ಯೆಗಳನ್ನು 2010ರಲ್ಲಿ ಬದಲಾಯಿಸುವ ಮೊದಲು ಇದು ರಾಷ್ಟ್ರೀಯ ಹೆದ್ದಾರಿ 48 ಎಂದು ಕರೆಯಲ್ಪಡುತ್ತಿತ್ತು. ಅತಿ ಮಳೆ, ಭೂಕುಸಿತ ಹಾಗೂ ಭಾರಿ ವಾಹನಗಳ ದಟ್ಟಣೆಯಿಂದಾಗಿ ಈ ರಸ್ತೆಯ ಸುರಕ್ಷತೆಯು ದಶಕಗಳಿಂದ ಚರ್ಚೆಯಲ್ಲಿದೆ.

ಭೌಗೋಳಿಕ ಹಿನ್ನೆಲೆ

ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಹೆಚ್ಚು ಎತ್ತರದಲ್ಲಿರುವ ಸಕಲೇಶಪುರದಿಂದ ಹೊರಡುವ ರಸ್ತೆಯು ದೋಣಿಗಾಲ್, ಹೆಗ್ಗದ್ದೆ, ಮಾರನಹಳ್ಳಿ ಮತ್ತು ಕೆಂಪುಹೊಳೆಯ ಮೂಲಕ ಇಳಿದು ಗುಂಡ್ಯವನ್ನು ತಲುಪುತ್ತದೆ. ಮುಂದೆ ನೆಲ್ಯಾಡಿ, ಉಪ್ಪಿನಂಗಡಿಗಳನ್ನು ದಾಟಿ ಕರಾವಳಿಯತ್ತ ಸಾಗುತ್ತದೆ. ಮಾರ್ಗದ ಒಂದು ಬದಿಯಲ್ಲಿ ಕಡಿದಾದ ಗುಡ್ಡ, ಇನ್ನೊಂದು ಬದಿಯಲ್ಲಿ ಹೊಳೆಯ ಕಣಿವೆ ಇರುವುದರಿಂದ ರಸ್ತೆಯನ್ನು ಅಗಲಗೊಳಿಸಲು ಲಭ್ಯವಿರುವ ಜಾಗ ಬಹಳ ಕಡಿಮೆ. ಸಮೀಪದಲ್ಲಿಯೇ ಹಾದುಹೋಗುವ ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗವು 57 ಸುರಂಗಗಳನ್ನು ಹೊಂದಿರುವುದು ಈ ಪ್ರದೇಶದ ದುರ್ಗಮತೆಯನ್ನು ಸೂಚಿಸುತ್ತದೆ.

ಪ್ರಾಮುಖ್ಯತೆ

ನವಮಂಗಳೂರು ಬಂದರಿನಿಂದ ಒಳನಾಡಿಗೆ ಸಾಗುವ ಸರಕು, ಇಂಧನ ಮತ್ತು ಅಡುಗೆ ಅನಿಲದ ಟ್ಯಾಂಕರ್‌ಗಳಿಗೆ ಇದು ಮುಖ್ಯ ಮಾರ್ಗ. ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುವ ಘಟ್ಟದ ಮೇಲಿನ ರೋಗಿಗಳೂ, ಧರ್ಮಸ್ಥಳ ಹಾಗೂ ಕುಕ್ಕೆ ಸುಬ್ರಹ್ಮಣ್ಯಕ್ಕೆ ಬರುವ ಯಾತ್ರಿಕರೂ ಈ ರಸ್ತೆಯನ್ನು ಬಳಸುತ್ತಾರೆ. ಇದು ಮುಚ್ಚಿದಾಗ ವಾಹನಗಳು ಚಾರ್ಮಾಡಿ ಅಥವಾ ಸಂಪಾಜೆ ಘಾಟಿಯನ್ನು ಅವಲಂಬಿಸಬೇಕಾಗುತ್ತದೆ. ಚಾರ್ಮಾಡಿಯ ಕಡಿದಾದ ಕಿರಿದು ತಿರುವುಗಳು ಭಾರಿ ವಾಹನಗಳಿಗೆ ಸೂಕ್ತವಲ್ಲ; ಸಂಪಾಜೆ ಮಾರ್ಗವು ಮಡಿಕೇರಿಯನ್ನು ಬಳಸಿಕೊಂಡು ಹೋಗುತ್ತದೆ.

ಕಾಂಕ್ರೀಟೀಕರಣ

ಹಿಂದೆ ಘಾಟಿಯ ರಸ್ತೆಗೆ ಡಾಂಬರು ಹಾಕಲಾಗುತ್ತಿತ್ತು. ಡಾಂಬರಿನ ಪದರದೊಳಗೆ ನೀರು ಸೇರಿದರೆ ಜಲ್ಲಿಕಲ್ಲಿನ ಮೇಲಿನ ಅದರ ಹಿಡಿತ ಸಡಿಲಗೊಳ್ಳುತ್ತದೆ. ಏರಿನಲ್ಲಿ ನಿಧಾನವಾಗಿ ಚಲಿಸುವ ಲಾರಿಗಳ ಭಾರವು ಸಡಿಲವಾದ ಪದರವನ್ನು ಕಿತ್ತುಹಾಕುತ್ತದೆ. ಹೀಗಾಗಿ ಪ್ರತಿ ಮಳೆಗಾಲದ ನಂತರ ರಸ್ತೆಯು ಗುಂಡಿಗಳಿಂದ ತುಂಬುತ್ತಿತ್ತು.

ಇದಕ್ಕೆ ಪರಿಹಾರವಾಗಿ ಎರಡು ಹಂತಗಳಲ್ಲಿ ಕಾಂಕ್ರೀಟ್ ರಸ್ತೆಯನ್ನು ನಿರ್ಮಿಸಲಾಯಿತು. ಹೆಗ್ಗದ್ದೆಯಿಂದ ಕೆಂಪುಹೊಳೆಯವರೆಗಿನ ಸುಮಾರು 13 ಕಿ.ಮೀ. ಕಾಮಗಾರಿ 2015ರಲ್ಲಿಯೂ, ಕೆಂಪುಹೊಳೆಯಿಂದ ಅಡ್ಡಹೊಳೆಯವರೆಗಿನ ಸುಮಾರು 12 ಕಿ.ಮೀ. ಕಾಮಗಾರಿ 2018ರಲ್ಲಿಯೂ ನಡೆಯಿತು. ಕಾಂಕ್ರೀಟ್ ಪೂರ್ಣ ಬಲ ಪಡೆಯಲು ವಾರಗಳ ಕಾಲ ನೀರುಣಿಸಬೇಕಾದ್ದರಿಂದಲೂ, ಅರ್ಧ ರಸ್ತೆಯಲ್ಲಿ ಸಂಚಾರ ನಡೆಸುವಷ್ಟು ಅಗಲವಿಲ್ಲದ್ದರಿಂದಲೂ ಎರಡೂ ಬಾರಿ ಮಾರ್ಗವನ್ನು ತಿಂಗಳುಗಟ್ಟಲೆ ಮುಚ್ಚಲಾಗಿತ್ತು.

ಭೂಕುಸಿತಗಳು

ಎರಡನೆಯ ಹಂತದ ನಂತರ 2018ರ ಜುಲೈ ತಿಂಗಳಲ್ಲಿ ಸಂಚಾರಕ್ಕೆ ತೆರೆದ ರಸ್ತೆಯು ಆಗಸ್ಟ್‌ನಲ್ಲಿ ಭೂಕುಸಿತದಿಂದ ಮತ್ತೆ ಮುಚ್ಚಿತು. ಅದೇ ತಿಂಗಳು ಮಡಿಕೇರಿ–ಸಂಪಾಜೆ ರಸ್ತೆಯೂ ಕುಸಿದ ಕಾರಣ ಕರಾವಳಿ ಮತ್ತು ಒಳನಾಡಿನ ನಡುವಿನ ಸಂಪರ್ಕ ತೀವ್ರವಾಗಿ ಬಾಧಿತವಾಯಿತು. ರಸ್ತೆಯ ಮೇಲ್ಮೈಯನ್ನು ಗಟ್ಟಿಗೊಳಿಸಿದ ಮಾತ್ರಕ್ಕೆ ಅದನ್ನು ಹೊತ್ತ ಗುಡ್ಡ ಸುಭದ್ರವಾಗುವುದಿಲ್ಲ ಎಂಬುದನ್ನು ಈ ಘಟನೆಯು ತೋರಿಸಿತು.

ಹಾಸನ–ಮಾರನಹಳ್ಳಿ ನಡುವಿನ ಚತುಷ್ಪಥ ಕಾಮಗಾರಿಯ ಸಂದರ್ಭದಲ್ಲಿ ದೋಣಿಗಾಲ್ ಬಳಿ ರಸ್ತೆಯ ಅಂಚು ಮಳೆಗಾಲಗಳಲ್ಲಿ ಕುಸಿಯಿತು. 2022ರ ಜುಲೈನಲ್ಲಿ ಇಲ್ಲಿ ಭಾರಿ ವಾಹನಗಳ ಸಂಚಾರವನ್ನು ನಿರ್ಬಂಧಿಸಲಾಯಿತು. 2024ರ ಜುಲೈ ಅಂತ್ಯದಲ್ಲಿ ದೊಡ್ಡತಪ್ಪಲು ಬಳಿ ಗುಡ್ಡ ಜಾರಿ ವಾಹನಗಳು ಮಣ್ಣಿನಲ್ಲಿ ಸಿಲುಕಿದವು. ರಸ್ತೆಯ ಅಗಲೀಕರಣಕ್ಕಾಗಿ ಗುಡ್ಡದ ಬುಡವನ್ನು ಲಂಬವಾಗಿ ಕತ್ತರಿಸಿದಾಗ ಮೇಲಿನ ಮಣ್ಣು ಆಧಾರ ಕಳೆದುಕೊಳ್ಳುತ್ತದೆ. ಮಳೆನೀರು ಇಂಗಿದಂತೆ ಮಣ್ಣಿನ ತೂಕ ಹೆಚ್ಚಿ, ಕಣಗಳ ನಡುವಿನ ಬಂಧ ದುರ್ಬಲಗೊಂಡು ಅದು ಜಾರುತ್ತದೆ.

ಸುರಕ್ಷತೆ ಮತ್ತು ನಿರ್ವಹಣೆ

ಗುಂಡಿಗಳಿಲ್ಲದ ರಸ್ತೆಯಲ್ಲಿ ವಾಹನಗಳ ವೇಗ ಹೆಚ್ಚುವುದರಿಂದ ತಿರುವು ಹಾಗೂ ಇಳಿಜಾರುಗಳಲ್ಲಿ ಅಪಘಾತದ ಸ್ವರೂಪ ಗಂಭೀರವಾಗಬಹುದು. ಆದ್ದರಿಂದ ಘಾಟಿ ರಸ್ತೆಗಳಲ್ಲಿ ಈ ಕೆಳಗಿನ ಕ್ರಮಗಳು ಅಗತ್ಯವೆನಿಸುತ್ತವೆ:

• ಗುಡ್ಡದ ಬದಿಯ ಚರಂಡಿ ಮತ್ತು ಮೋರಿಗಳ ಹೂಳನ್ನು ಮಳೆಗಾಲಕ್ಕೆ ಮೊದಲೇ ತೆಗೆಯುವುದು.
• ಇಳಿಜಾರನ್ನು ಮೆಟ್ಟಿಲುಗಳಾಕಾರದಲ್ಲಿ ಕತ್ತರಿಸಿ, ತಡೆಗೋಡೆ ನಿರ್ಮಿಸಿ, ಬೇರು ಬಿಡುವ ಹುಲ್ಲು ಮತ್ತು ಗಿಡಗಳನ್ನು ಬೆಳೆಸುವುದು.
• ಕಣಿವೆಯ ಬದಿಯಲ್ಲಿ ಲೋಹದ ತಡೆಬೇಲಿ, ತಿರುವುಗಳಲ್ಲಿ ಬೆಳಕು ಪ್ರತಿಫಲಿಸುವ ಸೂಚನಾ ಫಲಕಗಳನ್ನು ಅಳವಡಿಸುವುದು.
• ಕಾಂಕ್ರೀಟ್ ಹಲಗೆಗಳ ನಡುವಿನ ಸಂದುಗಳನ್ನು ಮುಚ್ಚಿ, ರಸ್ತೆಯ ಅಂಚಿಗೆ ಮಣ್ಣು ತುಂಬಿ ಸಮತಟ್ಟಾಗಿಸುವುದು.
• ಮಂಜು ಮತ್ತು ಮಳೆಯ ಸಮಯದಲ್ಲಿ ವೇಗಮಿತಿಯನ್ನು ಜಾರಿಗೊಳಿಸುವುದು.

ಇವುಗಳಲ್ಲಿ ಕಡಿಮೆ ವೆಚ್ಚದ್ದು ಚರಂಡಿಯ ನಿರ್ವಹಣೆ. ಅದು ಕಟ್ಟಿಕೊಂಡರೆ ನೀರು ರಸ್ತೆಯ ಮೇಲೆ ಹರಿದು ಕಣಿವೆಯ ಅಂಚನ್ನು ಕೊರೆಯುತ್ತದೆ.

ಪರಿಸರ ಮತ್ತು ಪರ್ಯಾಯ ಯೋಜನೆಗಳು

ಪಶ್ಚಿಮ ಘಟ್ಟಗಳ ಆಯ್ದ ಪ್ರದೇಶಗಳನ್ನು ಯುನೆಸ್ಕೋ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಶಿರಾಡಿ ಘಾಟಿಯ ಸುತ್ತಲಿನ ಮಳೆಕಾಡು ಆನೆಗಳ ಆವಾಸವೂ ಆಗಿದೆ. ಗುಡ್ಡ ಕತ್ತರಿಸುವುದನ್ನು ತಪ್ಪಿಸಲು ಸುರಂಗ ಮತ್ತು ಎತ್ತರಿಸಿದ ಸೇತುವೆಗಳನ್ನೊಳಗೊಂಡ ಮಾರ್ಗದ ಪ್ರಸ್ತಾವಗಳು ಮಂಡನೆಯಾಗಿವೆ. ಸುರಂಗ ನಿರ್ಮಾಣಕ್ಕೆ ತಗಲುವ ಭಾರಿ ವೆಚ್ಚ, ಅಗೆದ ಕಲ್ಲುಮಣ್ಣಿನ ವಿಲೇವಾರಿ ಹಾಗೂ ಅಂತರ್ಜಲದ ಮೇಲಿನ ಪರಿಣಾಮಗಳು ಈ ಕುರಿತ ಚರ್ಚೆಯ ಮುಖ್ಯ ಅಂಶಗಳಾಗಿವೆ.