ಕೈಗೆ ತಕ್ಕ ಕೀಲಿಮಣೆ

ದುಡಿಮೆಯಿಂದ ಬರುವ ನೋವೆಂದರೆ ನಮ್ಮ ಕಣ್ಣ ಮುಂದೆ ನಿಲ್ಲುವವರು ನೇಗಿಲು ಹಿಡಿದ ರೈತ, ಮೂಟೆ ಹೊರುವ ಹಮಾಲಿ. ಕುಳಿತು ಬರೆಯುವವನಿಗೂ ತೋಳು ನೋಯುತ್ತದೆಂದರೆ ಜನ ನಕ್ಕುಬಿಡುತ್ತಾರೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯಲ್ಲಿ ಕೆಸರಾಗದ ಕೈಗೆ ಸ್ಥಳವಿಲ್ಲ. ಆದರೆ ಬರೆಯುವ ಕೈಯ ನೋವಿಗೆ ಮುನ್ನೂರು ವರ್ಷಗಳಿಗೂ ಮಿಕ್ಕ ಇತಿಹಾಸವುಂಟು. ತೋಳುನೋವಿನಿಂದ ಬಳಲುವವರಿಗೆ ಇಂದು ಗಣಕಯಂತ್ರದ ಕೀಲಿಮಣೆಯೊಂದನ್ನು ಆರಿಸಬೇಕಾದಾಗ ಆ ಇತಿಹಾಸವೇ ಒಳ್ಳೆಯ ಮಾರ್ಗದರ್ಶಿ.

ಇಟಲಿಯ ಪಾದುವಾ ವಿಶ್ವವಿದ್ಯಾನಿಲಯದಲ್ಲಿ ಬೆರ್ನಾರ್ದಿನೊ ರಾಮಾಜ್ಜಿನಿ ಎಂಬ ವೈದ್ಯನಿದ್ದ. ಕಸುಬುದಾರರ ರೋಗಗಳನ್ನು ಕುರಿತ ಆತನ ಪ್ರಸಿದ್ಧ ಗ್ರಂಥ ಹೊರಬಂದದ್ದು 1700ರಲ್ಲಿ. 1713ರ ಆವೃತ್ತಿಯಲ್ಲಿ ಆತ ಲಿಪಿಕಾರರ ವಿಷಯವನ್ನೂ ಸೇರಿಸಿದ. ಸದಾ ಕುಳಿತಿರುವುದು, ಕೈಯನ್ನು ಬಿಡುವಿಲ್ಲದೆ ಒಂದೇ ರೀತಿಯಲ್ಲಿ ಆಡಿಸುವುದು, ತಪ್ಪಾದೀತೆಂಬ ಮನಸ್ಸಿನ ಬಿಗಿತ: ಈ ಮೂರೇ ಅವರ ಬಾಧೆಗೆ ಮೂಲವೆಂದು ಆತನ ನಿರ್ಣಯ. ಅಲ್ಲಿ ಒಬ್ಬ ಗುಮಾಸ್ತನ ಕಥೆ ಬರುತ್ತದೆ. ಜೀವಮಾನವೆಲ್ಲ ಬರೆದು ಅವನ ಬಲತೋಳು ಸೋತುಹೋಯಿತು. ಅವನು ಎಡಗೈಯಲ್ಲಿ ಬರೆಯುವುದನ್ನು ಕಲಿತ. ಕೆಲಕಾಲದಲ್ಲಿ ಎಡಗೈಗೂ ಅದೇ ಗತಿ! ದೋಷವಿದ್ದದ್ದು ಕೈಯಲ್ಲಲ್ಲ, ಕೆಲಸದ ರೀತಿಯಲ್ಲಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹತ್ತೊಂಬತ್ತನೆಯ ಶತಮಾನದಲ್ಲಿ ತಂತಿ ಕಚೇರಿಗಳು ಬಂದವು. ತಂತಿಯ ಕೀಲಿಯನ್ನು ಕುಟ್ಟುವವರ ಕೈ ಸೆಡೆತುಕೊಂಡಿತು. ಬ್ರಿಟನ್ನಿನಲ್ಲಿ ಅದು ಪರಿಹಾರ ಪಡೆಯಬಹುದಾದ ವೃತ್ತಿರೋಗಗಳ ಪಟ್ಟಿಗೆ ಸೇರಿದ್ದು 1908ರಲ್ಲಿ.

ಇಷ್ಟರಲ್ಲಿ ಬೆರಳಚ್ಚು ಯಂತ್ರವೂ ಹುಟ್ಟಿತ್ತು. ಅಮೆರಿಕದ ಮಿಲ್ವಾಕಿಯ ಕ್ರಿಸ್ಟೊಫರ್ ಶೋಲ್ಸ್ ಮತ್ತು ಸಂಗಡಿಗರು 1868ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು; 1874ರಲ್ಲಿ ರೆಮಿಂಗ್ಟನ್ ಕಂಪನಿ ಅದನ್ನು ಮಾರಾಟಕ್ಕೆ ತಂದಿತು. ಅದರ ಒಂದೊಂದು ಕೀಲಿಯ ಕೆಳಗೂ ಒಂದೊಂದು ಸನ್ನೆಕಡ್ಡಿ. ಆ ಕಡ್ಡಿಗಳು ಒಂದಕ್ಕೊಂದು ತಾಗದಿರಲೆಂದು ಕೀಲಿಗಳ ಸಾಲುಗಳನ್ನು ಸ್ವಲ್ಪ ಸ್ವಲ್ಪ ಓರೆಗೆ ಸರಿಸಿ ಜೋಡಿಸಿದರು. ಇಂದಿನ ಕೀಲಿಮಣೆಯಲ್ಲಿ ಕಡ್ಡಿಗಳಿಲ್ಲ, ಓರೆ ಮಾತ್ರ ಉಳಿದಿದೆ. ಕಬ್ಬಿಣದ ಅನುಕೂಲಕ್ಕೆ ಮಾಡಿದ ಏರ್ಪಾಡಿಗೆ ಮಾಂಸದ ಬೆರಳು ಇನ್ನೂ ತಲೆಬಾಗುತ್ತಿದೆ.

ಇದನ್ನು ತಿದ್ದಲು ಹೊರಟವರು ಇಲ್ಲದಿರಲಿಲ್ಲ. ಅಮೆರಿಕದ ಆಗಸ್ಟ್ ಡ್ವೊರಾಕ್ 1936ರಲ್ಲಿ ಅಕ್ಷರಗಳ ಸ್ಥಾನವನ್ನೇ ಬದಲಿಸಿದ ಮಣೆಗೆ ಪೇಟೆಂಟ್ ಪಡೆದ. ಅದರಿಂದ ಬೆರಳಿನ ಓಡಾಟ ಕಡಿಮೆಯಾಗುತ್ತಿತ್ತು, ಕೈಯ ಭಂಗಿ ಬದಲಾಗುತ್ತಿರಲಿಲ್ಲ. ಅದಕ್ಕೂ ಹತ್ತು ವರ್ಷ ಮೊದಲೇ, 1926ರಲ್ಲಿ, ಜರ್ಮನಿಯ ಕ್ಲೋಕೆನ್‌ಬೆರ್ಗ್ ಮಣೆಯನ್ನು ನಡುವೆ ಸೀಳಿ ಎರಡು ಭಾಗ ಮಾಡಬೇಕೆಂದು ಸೂಚಿಸಿದ್ದ. ಎರಡು ಕೈಗಳನ್ನೂ ಎದೆಯ ಮುಂದೆ ಒಟ್ಟುಗೂಡಿಸಿದಾಗ ಮಣಿಕಟ್ಟು ಕಿರುಬೆರಳಿನ ಕಡೆಗೆ ಬಾಗುತ್ತದೆ. ಅಂಗೈಯನ್ನು ಪೂರ್ತಿ ಕೆಳಮುಖ ಮಾಡಿದಾಗ ಮುಂಗೈ ತಿರುಚಿಕೊಳ್ಳುತ್ತದೆ. ಮಣೆ ಇಬ್ಭಾಗವಾದರೆ ಈ ಎರಡು ಕಷ್ಟಗಳೂ ತಗ್ಗುತ್ತವೆ. 1972ರಲ್ಲಿ ಕಾರ್ಲ್ ಕ್ರೋಮರ್ ಇದನ್ನೇ ಪ್ರಯೋಗಕ್ಕೆ ಒಡ್ಡಿದ. ಆದರೂ ಲೋಕ ಕಿವಿಗೊಡಲಿಲ್ಲ.

1980ರ ದಶಕದಲ್ಲಿ ಆಸ್ಟ್ರೇಲಿಯದ ಕಚೇರಿಗಳಲ್ಲಿ ಕೀಲಿಮಣೆಯ ಮುಂದೆ ಕೂತವರ ತೋಳುನೋವು ಸಾಂಕ್ರಾಮಿಕದಂತೆ ಹಬ್ಬಿತು. ನೋವು ಮನಸ್ಸಿನದು, ಮೈಯದಲ್ಲ ಎಂದ ವೈದ್ಯರೂ ಇದ್ದರು. ನೊಂದವರಿಗೆ ನೋವಿನ ಜೊತೆಗೆ ಸುಳ್ಳುಗಾರರೆಂಬ ಅಪವಾದವೂ ಅಂಟಿತು. 1994ರಲ್ಲಿ ಮೈಕ್ರೋಸಾಫ್ಟ್ ಕಂಪನಿ ನಡುವೆ ಕವಲೊಡೆದ ಮಣೆಯನ್ನು ಅಂಗಡಿಗೆ ತಂದಾಗ ಕ್ಲೋಕೆನ್‌ಬೆರ್ಗನ ವಿಚಾರಕ್ಕೆ ಅರವತ್ತೆಂಟು ವರ್ಷ ತುಂಬಿತ್ತು.

ಹಾಗಾದರೆ ಈಗ ಕೊಳ್ಳುವವರು ಏನನ್ನು ನೋಡಬೇಕು? ಮೊದಲನೆಯದು ಅಗಲ. ದೊಡ್ಡ ಮಣೆಯ ಬಲತುದಿಯಲ್ಲಿ ಅಂಕೆಗಳ ಗುಂಪೊಂದಿರುತ್ತದೆ. ಲೆಕ್ಕ ಬರೆಯುವವರಿಗೆ ಅದು ಬೇಕು. ಮಿಕ್ಕವರಿಗೆ ಅದು ಮೌಸನ್ನು ದೂರ ತಳ್ಳುವ ಅಡ್ಡಗೋಡೆ. ಆ ದೂರವನ್ನು ದಿನವೆಲ್ಲ ಅಳೆಯುವುದು ಬಲಭುಜ. ಅಂಕೆಗಳಿಲ್ಲದ ಚಿಕ್ಕ ಮಣೆ ಮೌಸನ್ನು ಮೈಯ ಹತ್ತಿರಕ್ಕೆ ತರುತ್ತದೆ. ಆದರೆ ಚಿಕ್ಕದಾದಷ್ಟೂ ಕೈಗಳು ಇಕ್ಕಟ್ಟಿಗೆ ಸಿಕ್ಕುತ್ತವೆ. ಆದುದರಿಂದ ಎರಡನೆಯ ಗುಣ, ಇಬ್ಭಾಗವಾಗುವುದು. ಎರಡು ತುಂಡುಗಳನ್ನು ಭುಜದಳತೆಗೆ ದೂರವಿಟ್ಟು, ಮೌಸನ್ನು ನಡುವೆ ಇಡಬಹುದು. ಮೂರನೆಯದು, ಕೀಲಿ ಮೆತ್ತಗೆ ಒತ್ತುವಂತಿರಬೇಕು, ಮಣೆ ತೆಳ್ಳಗಿರಬೇಕು. ಹಿಂಬದಿಯ ಕಾಲುಗಳನ್ನು ಎತ್ತಿ ನಿಲ್ಲಿಸಿದರೆ ಮಣಿಕಟ್ಟು ಮೇಲಕ್ಕೆ ಮಡಿಯುತ್ತದೆ. ಅವನ್ನು ಮಡಿಚಿಡುವುದೇ ಲೇಸು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸ ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲೇ ನಮ್ಮ ವರ್ಣಮಾಲೆಯನ್ನು ಅಡಗಿಸಿದೆ. ಆದುದರಿಂದ ಚಿಕ್ಕ ಮಣೆಯಿಂದ ನಮಗೆ ನಷ್ಟವಿಲ್ಲ. ಆದರೆ ದೀರ್ಘಕ್ಕೂ ಮಹಾಪ್ರಾಣಕ್ಕೂ ಶಿಫ್ಟ್ ಕೀಲಿಯನ್ನು ಒತ್ತಲೇಬೇಕು. ಆ ಹೊರೆಯೆಲ್ಲ ದುರ್ಬಲವಾದ ಕಿರುಬೆರಳಿನದು. ಶಿಫ್ಟನ್ನು ಹೆಬ್ಬೆರಳಿಗೆ ಒಪ್ಪಿಸಬಲ್ಲ ಮಣೆ ಸಿಕ್ಕರೆ ಕನ್ನಡಿಗರು ಅದನ್ನೇ ಆರಿಸಿಕೊಳ್ಳಬೇಕು.

ಮಣೆ ಔಷಧವಲ್ಲ. ಬೆರಳು ಜೋಮು ಹಿಡಿದರೆ, ಹಿಡಿತ ಸಡಿಲವಾದರೆ ವೈದ್ಯರನ್ನು ಕಾಣಬೇಕು. ಎಂಥ ಮಣೆಯನ್ನು ತಂದರೂ ನಡುನಡುವೆ ಎದ್ದು ಓಡಾಡದವನಿಗೆ ರಾಮಾಜ್ಜಿನಿಯ ಗುಮಾಸ್ತನ ಪಾಡು ತಪ್ಪದು. ಅವನು ಕೈಯನ್ನು ಬದಲಿಸಿದ, ಕೆಲಸದ ರೀತಿಯನ್ನು ಬದಲಿಸಲಿಲ್ಲ. ಬದಲಿಸುವ ಸ್ವಾತಂತ್ರ್ಯ ಪ್ರಾಯಶಃ ಅವನಿಗಿರಲೂ ಇಲ್ಲ. ಇಂದು ಕಚೇರಿಯಲ್ಲಿ ತೋಳು ನೋಯುತ್ತದೆ ಎನ್ನುವವರ ಮಾತನ್ನು ನಂಬಿ, ಅವರ ಕೈಗೆ ತಕ್ಕ ಮಣೆಯನ್ನೂ ನಡುವೆ ಒಂದಿಷ್ಟು ಬಿಡುವನ್ನೂ ಕೊಡುವುದು ಕೆಲಸ ಮಾಡಿಸಿಕೊಳ್ಳುವವರ ಔದಾರ್ಯವಲ್ಲ, ಕರ್ತವ್ಯ.