ಹಾರ್ಡ್ ಡಿಸ್ಕ್ ಬಿಸಿ ನೋಡಲು ಕಂಪ್ಯೂಟರಿನ ಬೀಗವನ್ನೇ ತೆಗೆಯಬೇಕೆ?

“ಲಿನಕ್ಸ್‌ನಲ್ಲಿ ಹಾರ್ಡ್ ಡಿಸ್ಕ್ ಎಷ್ಟು ಬಿಸಿಯಾಗಿದೆ ಎಂದು ನೋಡಬೇಕೆ? ಈ ಒಂದು ಕಮಾಂಡ್ ಹಾಕಿ, ಮತ್ತೆಂದೂ ಪಾಸ್‌ವರ್ಡ್ ಕೇಳುವುದಿಲ್ಲ!” ಈ ಧಾಟಿಯ ಸಲಹೆಯನ್ನು ನೀವೂ ನೋಡಿರಬಹುದು. ಹಳೆಯ ಲ್ಯಾಪ್‌ಟಾಪಿಗೆ ಉಬುಂಟು ಅಥವಾ ಮಿಂಟ್ ಹಾಕಿಕೊಂಡವರಿಗೆ, ಬೇಸಿಗೆಯಲ್ಲಿ ಅದರ ತಳ ಕಾದಾಗ, ಇದು ಉಪಯುಕ್ತ ಎನಿಸುವುದು ಸಹಜ. ಕಮಾಂಡ್ ಹಾಕಿದರೆ ತಾಪಮಾನವೂ ಕಾಣಿಸುತ್ತದೆ. ಆದರೆ ಅದರ ಜೊತೆಗೆ ನಿಮ್ಮ ಫೋಟೊ, ದಾಖಲೆಗಳಿಗಿದ್ದ ಕಾವಲೂ ಹೋಗಿರುತ್ತದೆ. ಅದು ಹೇಗೆ, ಸುರಕ್ಷಿತ ದಾರಿ ಯಾವುದು ಎಂದು ನೋಡೋಣ.

ಬರೀ ಬಿಸಿ ನೋಡಲು ಪಾಸ್‌ವರ್ಡ್ ಏಕೆ?

ಡಿಸ್ಕ್‌ನೊಳಗೇ ತಾಪಮಾನ ಅಳೆಯುವ ಪುಟ್ಟ ಸೆನ್ಸರ್ ಇರುತ್ತದೆ. ಎಷ್ಟು ಗಂಟೆ ಓಡಿದೆ, ಎಷ್ಟು ಭಾಗ ಹಾಳಾಗಿದೆ, ಈಗ ಎಷ್ಟು ಬಿಸಿಯಾಗಿದೆ ಎಂಬ ಲೆಕ್ಕವನ್ನು ಡಿಸ್ಕ್ ‘ಸ್ಮಾರ್ಟ್’ ಎಂಬ ವ್ಯವಸ್ಥೆಯಲ್ಲಿ ತಾನೇ ಇಟ್ಟುಕೊಳ್ಳುತ್ತದೆ. ಅದನ್ನು ಕೇಳಬೇಕಾದರೆ ಡಿಸ್ಕ್‌ಗೆ ನೇರವಾಗಿ ಆದೇಶ ಕಳುಹಿಸಬೇಕು. ಆದರೆ “ಬಿಸಿ ಎಷ್ಟು?” ಎಂದು ಕೇಳುವ ದಾರಿಯಲ್ಲೇ “ಎಲ್ಲವನ್ನೂ ಅಳಿಸು” ಎಂಬ ಆದೇಶವನ್ನೂ ಕಳುಹಿಸಬಹುದು! ಹಾಗಾಗಿ ಲಿನಕ್ಸ್ ಆ ದಾರಿಗೆ ಬೀಗ ಹಾಕಿ, ಕೀಲಿಯನ್ನು ‘ರೂಟ್’ ಎಂಬ ಯಜಮಾನ ಖಾತೆಗೆ ಮಾತ್ರ ಕೊಟ್ಟಿದೆ.

ತಪ್ಪಿಸಬೇಕಾದ ಮೂರು ಅಡ್ಡದಾರಿಗಳು

1. ಪ್ರೋಗ್ರಾಮಿಗೆ ಶಾಶ್ವತ ರೂಟ್ ಅಧಿಕಾರ ಕೊಡುವುದು. ‘ಸೆಟ್‌ಯುಐಡಿ’ ಎಂಬ ಗುರುತು ಹಾಕಿದರೆ, ‘ಎಚ್‌ಡಿಡಿಟೆಂಪ್’ನಂಥ ಸಣ್ಣ ಪ್ರೋಗ್ರಾಮನ್ನು ಯಾರೇ ತೆರೆದರೂ ಅದು ಯಜಮಾನನ ಅಧಿಕಾರದಲ್ಲಿ ಓಡುತ್ತದೆ. ಅದರಲ್ಲಿ ಒಂದು ದೋಷವಿದ್ದರೂ ಸಾಕು, ಅದರ ಮೂಲಕ ಇಡೀ ಕಂಪ್ಯೂಟರ್ ಬೇರೆಯವರ ಕೈಗೆ ಹೋಗಬಹುದು.

2. ನಿಮ್ಮ ಖಾತೆಯನ್ನು ‘ಡಿಸ್ಕ್’ ಗುಂಪಿಗೆ ಸೇರಿಸುವುದು. ಹೆಸರು ಕೇಳಲು ಸಾಧು. ಆದರೆ ಈ ಗುಂಪಿನವರು ಡಿಸ್ಕ್‌ನ ಪ್ರತಿ ಅಕ್ಷರವನ್ನೂ ನೇರವಾಗಿ ಓದಬಹುದು, ತಿದ್ದಬಹುದು. ಇದು ರೂಟ್ ಅಧಿಕಾರಕ್ಕೆ ಸಮ.

3. ಡಿಸ್ಕ್‌ನ ಡಿವೈಸ್ ಫೈಲನ್ನು ಎಲ್ಲರಿಗೂ ತೆರೆದಿಡುವುದು. ಆಗ ಬ್ರೌಸರಿನಿಂದ ಬಂದ ಕೆಟ್ಟ ಪ್ರೋಗ್ರಾಮ್ ಕೂಡ ಡಿಸ್ಕನ್ನು ಅಳಿಸಿಹಾಕಬಲ್ಲದು.

ಹಾಗಾದರೆ ಸುರಕ್ಷಿತ ದಾರಿ ಯಾವುದು?

ಕರೆಂಟ್ ಮೀಟರ್ ನೋಡಲು ಬರುವವರಿಗೆ ನಾವು ಮನೆಯ ಬೀಗದ ಕೈ ಕೊಡುವುದಿಲ್ಲ. ಮೀಟರನ್ನು ಹೊರಗೋಡೆಗೆ ಹಾಕಿರುತ್ತೇವೆ. ಅವರು ಅಂಕಿ ಓದಿಕೊಂಡು ಹೋಗುತ್ತಾರೆ. ಲಿನಕ್ಸ್‌ನಲ್ಲೂ ಇಂಥ ವ್ಯವಸ್ಥೆ ಇದೆ.

ಎಲ್ಲಕ್ಕಿಂತ ಸುಲಭವಾದುದು ಉಬುಂಟು ಮುಂತಾದವುಗಳಲ್ಲಿ ಸಿಗುವ ‘ಡಿಸ್ಕ್ಸ್’ ಆ್ಯಪ್. ಅದನ್ನು ತೆರೆದು ನಿಮ್ಮ ಡಿಸ್ಕ್ ಆರಿಸಿದರೆ, ಅದರ ಸ್ಥಿತಿಯ ಪಕ್ಕದಲ್ಲೇ ತಾಪಮಾನ ಕಾಣುತ್ತದೆ. ಹಿನ್ನೆಲೆಯಲ್ಲಿ ಓಡುವ ಒಂದು ಸೇವೆ ಡಿಸ್ಕ್ ಬಳಿ ಕೇಳಿಕೊಂಡು, ನಿಮಗೆ ಅಂಕಿಯನ್ನಷ್ಟೇ ಕೊಡುತ್ತದೆ.

ಎರಡನೆಯದು ‘ಡ್ರೈವ್‌ಟೆಂಪ್’. 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ ಕರ್ನಲ್ 5.6ರಿಂದ ಇದು ಲಿನಕ್ಸ್‌ನ ಭಾಗವೇ ಆಗಿದೆ. ಟರ್ಮಿನಲ್‌ನಲ್ಲಿ ‘ಸುಡೊ ಮೋಡ್‌ಪ್ರೋಬ್ ಡ್ರೈವ್‌ಟೆಂಪ್’ ಎಂದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಕೊಟ್ಟು, ಪಾಸ್‌ವರ್ಡ್ ಹಾಕಿ. ಕಂಪ್ಯೂಟರ್ ಆಫ್ ಮಾಡುವವರೆಗೆ, ‘ಸೆನ್ಸರ್ಸ್’ ಎಂಬ ಕಮಾಂಡ್ ಸಾಮಾನ್ಯ ಬಳಕೆದಾರರಿಗೂ ಪಾಸ್‌ವರ್ಡ್ ಇಲ್ಲದೆ ತಾಪಮಾನ ತೋರಿಸುತ್ತದೆ. ಆ ಕಮಾಂಡ್ ಇಲ್ಲದಿದ್ದರೆ ‘ಎಲ್‌ಎಂ-ಸೆನ್ಸರ್ಸ್’ ಅನ್ನು ನಿಮ್ಮ ಲಿನಕ್ಸ್‌ನ ಸಾಫ್ಟ್‌ವೇರ್ ಭಂಡಾರದಿಂದಲೇ ಹಾಕಿಕೊಳ್ಳಿ. ಯುಎಸ್‌ಬಿ ಡಿಸ್ಕ್‌ಗಳಲ್ಲಿ ಈ ವಿಧಾನ ಕೆಲವೊಮ್ಮೆ ಕೆಲಸ ಮಾಡದು.

ಸೆಕೆಂಡಿಗೊಮ್ಮೆ ನೋಡುವ ಅಗತ್ಯವೂ ಇಲ್ಲ. ಕೆಲವು ಡಿಸ್ಕ್‌ಗಳಲ್ಲಿ ತಾಪಮಾನ ಕೇಳಿದಾಗಲೆಲ್ಲ ವಿಶ್ರಾಂತಿಗೆ ಹೋಗುವ ಗಡಿಯಾರ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಪದೇ ಪದೇ ಕೇಳುತ್ತಿದ್ದರೆ ಡಿಸ್ಕ್ ನಿಲ್ಲುವುದೇ ಇಲ್ಲ.

ಎಷ್ಟು ಬಿಸಿಯಾದರೆ ಚಿಂತಿಸಬೇಕು?

ಮನೆಬಳಕೆಯ ಬಹುತೇಕ ಹಾರ್ಡ್ ಡಿಸ್ಕ್‌ಗಳಿಗೆ ತಯಾರಕರು ಹೇಳುವ ಗರಿಷ್ಠ ಮಿತಿ ಸುಮಾರು 60 ಡಿಗ್ರಿ ಸೆಲ್ಸಿಯಸ್. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದರೆ ಗಾಬರಿ ಬೇಡ. ಸದಾ 50ರ ಮೇಲೆಯೇ ಇದ್ದರೆ ಫ್ಯಾನಿನ ಧೂಳು ತೆಗೆಸಿ. ಲ್ಯಾಪ್‌ಟಾಪನ್ನು ಹಾಸಿಗೆ, ದಿಂಬಿನ ಮೇಲಿಟ್ಟು ಬಳಸಬೇಡಿ.

“ತಣ್ಣಗಿದ್ದಷ್ಟೂ ಡಿಸ್ಕ್ ಬಾಳಿಕೆ ಹೆಚ್ಚು” ಎಂಬ ಮಾತೂ ಪೂರ್ತಿ ನಿಜವಲ್ಲ. ಗೂಗಲ್ ಸಂಶೋಧಕರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಅಧ್ಯಯನ ಮಾಡಿ 2007ರಲ್ಲಿ ವರದಿ ಪ್ರಕಟಿಸಿದರು. ಬಿಸಿಗೂ ಡಿಸ್ಕ್ ಕೆಡುವುದಕ್ಕೂ ಇರುವ ನಂಟು ಎಲ್ಲರೂ ಅಂದುಕೊಂಡಷ್ಟು ಬಲವಾಗಿರಲಿಲ್ಲ. ತೀರಾ ತಣ್ಣಗಿದ್ದ ಡಿಸ್ಕ್‌ಗಳೂ ಹೆಚ್ಚಾಗಿಯೇ ಕೆಟ್ಟಿದ್ದವು. ಅದಕ್ಕಿಂತ ಮುಖ್ಯವಾದ ಸಂಗತಿ ಎಂದರೆ, ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕೂ ಹೆಚ್ಚಿನವು ‘ಸ್ಮಾರ್ಟ್’ನ ನಾಲ್ಕು ಪ್ರಬಲ ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಅಂದರೆ ತಾಪಮಾನ ಸರಿ ಇದ್ದರೂ ಡಿಸ್ಕ್ ಒಂದು ದಿನ ಹೇಳದೆ ಕೇಳದೆ ಕೈಕೊಡಬಹುದು. ಆದ್ದರಿಂದ ಮುಖ್ಯವಾದ ಫೈಲುಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು.

ಈಗಾಗಲೇ ಅಡ್ಡದಾರಿ ಹಿಡಿದಿದ್ದರೆ?

ಗಾಬರಿಯಾಗಬೇಡಿ, ಸರಿಪಡಿಸಬಹುದು. ನೀವು ಹಾಕಿದ ಕಮಾಂಡಿನಲ್ಲಿ ‘ಪ್ಲಸ್ ಎಸ್’ ಎಂದಿದ್ದರೆ, ಅದನ್ನೇ ‘ಮೈನಸ್ ಎಸ್’ ಎಂದು ಬದಲಿಸಿ ಮತ್ತೊಮ್ಮೆ ಕೊಡಿ. ‘ಡಿಸ್ಕ್’ ಗುಂಪಿಗೆ ಸೇರಿದ್ದರೆ ಖಾತೆಯನ್ನು ಅದರಿಂದ ತೆಗೆದು, ಲಾಗ್ ಔಟ್ ಆಗಿ ಮತ್ತೆ ಒಳಬನ್ನಿ. ಡಿವೈಸ್ ಫೈಲಿನ ಅನುಮತಿಯನ್ನು ಒಮ್ಮೆ ಬದಲಿಸಿದ್ದಷ್ಟೇ ಆದರೆ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದಾಗ ಅದು ಸಾಮಾನ್ಯವಾಗಿ ಮೊದಲಿನಂತಾಗುತ್ತದೆ.

“ಇನ್ನು ಪಾಸ್‌ವರ್ಡ್ ಬೇಕಿಲ್ಲ” ಎನ್ನುವ ಕಮಾಂಡ್ ಮುಂದೆ ನಿಮ್ಮ ಫೋನಿಗೆ ಬಂದರೆ, ಅದು ಯಾವ ಬೀಗ ತೆಗೆಯುತ್ತಿದೆ ಎಂದು ಮೊದಲು ಕೇಳಿ. ಉತ್ತರ ಸಿಗದಿದ್ದರೆ ಟರ್ಮಿನಲ್‌ಗೂ ಹಾಕಬೇಡಿ, ಇನ್ನೊಬ್ಬರಿಗೂ ಕಳುಹಿಸಬೇಡಿ.