ಹಿಮದ ನಾಡಿನಿಂದ ಕಟ್ಟಿಗೆಯ ಹೊರೆಗೆ

ಗಂಡಹೆಂಡಿರು ಕೂಡಿ ಹಿಮದ ನಾಡನ್ನೂ ಕಡಲ ಕರೆಯನ್ನೂ ನೋಡಿಬರುವುದು ಇಂದು ರಜೆಯ ದಿನಗಳ ವಿನೋದವಾಗಿದೆ. ಮೋಟಾರು ಓಡುವ ರಸ್ತೆಯಿದೆ, ತಂಗಲು ಹೊಟೆಲುಗಳಿವೆ, ಕಂಡದ್ದನ್ನು ಹಿಡಿದಿಡಲು ಕ್ಯಾಮರಾ ಇದೆ. ನಮ್ಮ ಸಾಹಿತ್ಯದ ಇತಿಹಾಸದಲ್ಲಿಯೂ ಹಿಮದ ನಾಡಿನಿಂದ ಹೊರಟು ಕನ್ನಡ ನಾಡಿಗೆ ಬಂದು ಸೇರಿದ ದಂಪತಿಗಳಿದ್ದಾರೆ. ದಾರಿಯ ವೃತ್ತಾಂತವನ್ನು ಅವರು ಬರೆದಿಡಲಿಲ್ಲ. ಬಂದು ಸೇರಿದ ಠಾವಿನ ಮಾತನ್ನು ಮಾತ್ರ ಉಳಿಸಿಹೋದರು. ಅವರೇ ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಾದ ಮೋಳಿಗೆಯ ಮಾರಯ್ಯ ಮತ್ತು ಮಹಾದೇವಿಯಮ್ಮ.

ಪರಂಪರೆ ಹೇಳುವ ಕಥೆ ಇದು. ಮಾರಯ್ಯನ ಮೊದಲ ಹೆಸರು ಮಹಾದೇವ ಭೂಪಾಲ; ಅವನು ಕಾಶ್ಮೀರದ ಅರಸ. ಮಹಾದೇವಿಯ ಮೊದಲ ಹೆಸರು ಗಂಗಾದೇವಿ. ಬಸವಣ್ಣನವರ ಕೀರ್ತಿಯನ್ನು ಕೇಳಿ ಅರಸನೂ ಅರಸಿಯೂ ರಾಜ್ಯವನ್ನು ಬಿಟ್ಟು ಕಲ್ಯಾಣಕ್ಕೆ ಬಂದರು. ಕಾಡಿನಿಂದ ಕಟ್ಟಿಗೆ ತಂದು ಮಾರಿ ಜಂಗಮದಾಸೋಹ ನಡೆಸಿದರು. ಕಟ್ಟಿಗೆಯ ಹೊರೆಗೆ ಮೋಳಿಗೆ ಎಂದು ಹೆಸರು. ಭೂಪಾಲನೆಂಬ ಬಿರುದು ಕಳಚಿತು, ಮೋಳಿಗೆಯೇ ಹೆಸರಾಗಿ ನಿಂತಿತು.

ಇತಿಹಾಸವನ್ನು ಬಲ್ಲವರು ಇಲ್ಲಿ ತಡೆದು ನಿಲ್ಲಿಸಿ ಕೇಳಬಹುದು: ಕಾಶ್ಮೀರದಲ್ಲಿ ಆಗ ಮಹಾದೇವನೆಂಬ ಅರಸನಿದ್ದನೆ? ಕಲ್ಹಣನ ‘ರಾಜತರಂಗಿಣಿ’ ರಚಿತವಾದದ್ದು 1148-49ರಲ್ಲಿ. ಆಗ ಅಲ್ಲಿ ಆಳುತ್ತಿದ್ದವನು ಜಯಸಿಂಹ. ಆ ಕಾಲದ ದೊರೆಗಳ ಸಾಲಿನಲ್ಲಿ ಮಹಾದೇವನಿಲ್ಲ. ಆದರೆ ಅದೇ ಗ್ರಂಥದ ತುಂಬ ಡಾಮರರೆಂಬ ಪಾಳೆಯಗಾರರಿದ್ದಾರೆ. ತಮ್ಮ ತಮ್ಮ ಸೀಮೆಗಳಲ್ಲಿ ಅವರು ಅರಸರಂತೆಯೇ ಮೆರೆದವರು. ಅಂಥ ಸಣ್ಣ ಒಡೆಯನೊಬ್ಬನು ದೂರದ ಕಲ್ಯಾಣದ ಜನರ ಬಾಯಲ್ಲಿ ಭೂಪಾಲನಾದನೆಂದರೆ ಆಶ್ಚರ್ಯಪಡಬೇಕಾಗಿಲ್ಲ. ಇದು ಊಹೆ. ಆದರೆ ಕಾಶ್ಮೀರದಿಂದ ಕಲ್ಯಾಣಕ್ಕೆ ದಾರಿಯಿತ್ತು ಎಂಬುದು ಊಹೆಯಲ್ಲ.

ಆ ದಾರಿಯನ್ನು ತುಳಿದು ಬಂದ ಬಿಲ್ಹಣನೇ ಅದಕ್ಕೆ ಸಾಕ್ಷಿ. ಶ್ರೀನಗರದ ಸಮೀಪದ ಖೋನಮುಖವೆಂಬ ಊರಿನ ಈ ಕವಿ ಕಲಶರಾಜನ ಕಾಲದಲ್ಲಿ ಮನೆ ಬಿಟ್ಟನು. ‘ವಿಕ್ರಮಾಂಕದೇವಚರಿತ’ದ ಹದಿನೆಂಟನೆಯ ಸರ್ಗದಲ್ಲಿ ತನ್ನ ಸಂಚಾರವನ್ನು ತಾನೇ ಹೇಳಿಕೊಂಡಿದ್ದಾನೆ. ಮಥುರೆ, ಕನೋಜ, ಪ್ರಯಾಗ, ಕಾಶಿಗಳನ್ನು ಕಂಡನು. ಡಾಹಲದ ಕರ್ಣನ ಆಸ್ಥಾನದಲ್ಲಿದ್ದನು. ಗುಜರಾತಿಗೆ ಹೋಗಿ ಸೋಮನಾಥನ ದರ್ಶನ ಪಡೆದನು. ಅಲ್ಲಿಂದ ಪಡುಗಡಲಿನಲ್ಲಿ ಹಡಗೇರಿ ಗೋಕರ್ಣದ ಕರೆಗೆ ಬಂದು, ರಾಮೇಶ್ವರವನ್ನು ನೋಡಿ, ಕೊನೆಗೆ ಕಲ್ಯಾಣವನ್ನು ಮುಟ್ಟಿದನು. ಅಲ್ಲಿ ಆರನೆಯ ವಿಕ್ರಮಾದಿತ್ಯನು (1076-1126) ಅವನಿಗೆ ವಿದ್ಯಾಪತಿಯೆಂಬ ಪದವಿಯನ್ನು ಕೊಟ್ಟನು. ಈ ಕಾವ್ಯದ ತಾಳೆಯ ಪ್ರತಿ ಜೈಸಲ್ಮೇರಿನ ಜೈನ ಭಂಡಾರದಲ್ಲಿ 1874ರಲ್ಲಿ ಬ್ಯೂಲರ್ ಪಂಡಿತನಿಗೆ ಸಿಕ್ಕದೆ ಹೋಗಿದ್ದರೆ ಈ ದಾರಿಯೂ ನಮಗೆ ಮಸುಕಾಗಿಯೇ ಉಳಿಯುತ್ತಿತ್ತು.

ದಾರಿ ಒಂದೇ ಮುಖವಾಗಿಯೂ ಇರಲಿಲ್ಲ. 1089ರಿಂದ 1101ರ ವರೆಗೆ ಕಾಶ್ಮೀರವನ್ನು ಆಳಿದ ಹರ್ಷನು ದಕ್ಷಿಣದ ಉಡಿಗೆತೊಡಿಗೆಗಳಿಗೆ ಮರುಳಾಗಿ ತನ್ನ ನಾಣ್ಯಗಳನ್ನು ಕರ್ಣಾಟಕದ ಮಾದರಿಯಲ್ಲಿ ಅಚ್ಚು ಹಾಕಿಸಿದನೆಂದು ಕಲ್ಹಣನೇ ಬರೆದಿದ್ದಾನೆ. ನಮ್ಮ ನಾಣ್ಯದ ಮಾದರಿ ಅಲ್ಲಿಗೆ ಹೋಗಬಹುದಾದರೆ ನಮ್ಮ ಶರಣರ ಸುದ್ದಿ ಏಕೆ ಹೋಗಬಾರದು?

ಆದರೂ ದಾರಿ ಸುಲಭವಾದುದಲ್ಲ. ಶ್ರೀನಗರದಿಂದ ಬಸವಕಲ್ಯಾಣಕ್ಕೆ ಭೂಪಟದ ಮೇಲೆ ನೇರ ಗೆರೆ ಎಳೆದರೂ ಸುಮಾರು 1800 ಕಿಲೋಮೀಟರು. ಕಣಿವೆಯಿಂದ ತೆಂಕಣಕ್ಕೆ ಇಳಿಯುವವರು ಮೊದಲು ಪೀರ್ ಪಂಜಾಲದ ಬೆಟ್ಟಸಾಲನ್ನು ದಾಟಬೇಕು. ಹಳೆಯ ಹಾದಿಯ ಕಣಿವೆಬಾಯಿ 11,000 ಅಡಿಗಳಿಗೂ ಮೇಲಿದೆ. ಚಳಿಗಾಲದಲ್ಲಿ ಹಿಮ ಮುಚ್ಚಿ ಆ ಹಾದಿಯೇ ಇಲ್ಲವಾಗುತ್ತದೆ. ದಂಪತಿಗಳು ಯಾವ ಹಾದಿಯಲ್ಲಿ ಬಂದರೆಂದು ಯಾರೂ ಬರೆದಿಟ್ಟಿಲ್ಲ. ಬಿಲ್ಹಣನಿಗಾದರೋ ಊರೂರಿಗೆ ಆಸ್ಥಾನವಿತ್ತು, ಪಾಂಡಿತ್ಯಕ್ಕೆ ಬೆಲೆಯಿತ್ತು. ರಾಜ್ಯ ಬಿಟ್ಟು ಬಂದ ಈ ಇಬ್ಬರಿಗೆ ಏನಿತ್ತು?

ಅವರು ಆರಿಸಿಕೊಂಡ ಕಾಯಕವೂ ಹಗುರವಾದುದಲ್ಲ. ಸಿಂದಗಿ ತಾಲೂಕಿನ ಮೋರಟಗಿಯಂಥ ಎರೆಭೂಮಿಯ ಊರುಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೋಳದ ಹೊಲ ಕಣ್ಣು ಹಾಯುವಷ್ಟು ದೂರ ಹಬ್ಬಿರುವ ಬಯಲುಸೀಮೆಯಲ್ಲಿ ಒಲೆಗೆ ಕಟ್ಟಿಗೆ ಕೂಡಿಸುವುದೆಂದರೆ ಎಷ್ಟು ನಡಿಗೆ, ಎಷ್ಟು ಮುಳ್ಳು, ತಲೆಯ ಮೇಲೆ ಎಷ್ಟು ಭಾರ! ಅಡುಗೆ ಅನಿಲ ಬರುವ ಮುಂಚಿನ ಕಾಲದ ತಾಯಂದಿರು ಅದನ್ನು ಬಲ್ಲರು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯೂ ಇದೇ ಸೀಮೆಯದು. ಇಲ್ಲಿಂದ ಭೀಮೆಯನ್ನು ದಾಟಿ ಉತ್ತರಕ್ಕೆ ನಡೆದರೆ ಕಲ್ಯಾಣ.

ಮಾರಯ್ಯನ ಮನೆಯ ಅಂಬಲಿಯ ರುಚಿಯನ್ನು ಜಂಗಮರಿಂದ ಕೇಳಿ ಬಸವಣ್ಣನವರು ಅವನಿಲ್ಲದ ಹೊತ್ತಿನಲ್ಲಿ ಬಂದು, ಮಹಾದೇವಿಯಮ್ಮ ನೀಡಿದ ಅಂಬಲಿಯನ್ನು ಸವಿದು, ಹೊನ್ನನ್ನು ಗುಪ್ತವಾಗಿ ಇಟ್ಟು ಹೋದರೆಂಬ ಕಥೆ ಪ್ರಸಿದ್ಧವಾಗಿದೆ. ಮಾರಯ್ಯ ಆ ಹೊನ್ನನ್ನು ಮುಟ್ಟಿ ಇಟ್ಟುಕೊಳ್ಳಲಿಲ್ಲ, ಜಂಗಮರಿಗೆ ಹಂಚಿದನು. ಆಳುವ ನಾಡನ್ನೇ ಬಿಟ್ಟವನಿಗೆ ಪ್ರಭುವಿನ ಭಂಡಾರಿಯ ದಾನವೂ ಬೇಡವಾಯಿತು. ಕೊಡುವವನು ಬಸವಣ್ಣನೇ ಆದರೂ ದುಡಿಯದೆ ಬಂದುದು ಕಾಯಕದ ಫಲವಲ್ಲ.

ಆದರೆ ಈ ಯಾತ್ರೆಯ ಕೊನೆಯ ಹೆಜ್ಜೆಯನ್ನಿಟ್ಟವನು ಮಾರಯ್ಯನಲ್ಲ. ಮೋಳಿಗಯ್ಯಗಳ ಪ್ರಸಂಗ ‘ಶೂನ್ಯಸಂಪಾದನೆ’ಯಲ್ಲಿ ಬಂದಿದೆ. ಮಾರಯ್ಯನಿಗೆ ಲಿಂಗದಲ್ಲಿ ಐಕ್ಯವಾಗಬೇಕು, ಕೈಲಾಸವನ್ನು ಸೇರಬೇಕು ಎಂಬ ಹಂಬಲ ಹುಟ್ಟಿತು. ಆಗ ಮಹಾದೇವಿಯಮ್ಮ ಅವನನ್ನು ತಡೆದು ಕೇಳಿದಳು. ಅವಳ ಮಾತಿನ ತಾತ್ಪರ್ಯವಿಷ್ಟು: ನಾಡನ್ನೂ ಭಂಡಾರವನ್ನೂ ಬಿಟ್ಟು ಬಂದದ್ದು ಇನ್ನೊಂದು ಪದವಿಗಾಗಿಯೆ? ಶರಣರ ಸಂಗದಲ್ಲಿ, ಮಾಡುವ ಕಾಯಕದಲ್ಲಿ ಇಲ್ಲದ್ದು ಬೇರೊಂದು ಠಾವಿನಲ್ಲಿ ಇದೆಯೆ? ಮಾರಯ್ಯ ಅದಕ್ಕೆ ಒಪ್ಪಿದನು.

ಇಬ್ಬರೂ ಒಂದೇ ದಾರಿಯನ್ನು ನಡೆದರು. ಅವನ ಕಾಲು ನಿಂತ ಮೇಲೂ ಮನಸ್ಸು ನಡೆಯುತ್ತಲೇ ಇತ್ತು. ಅವಳು ಕಲ್ಯಾಣವನ್ನು ಸೇರಿದಾಗಲೇ ಸೇರಿದ್ದಳು. ಹೆಂಡತಿ ಗಂಡನನ್ನು ಹಿಂಬಾಲಿಸಿ ಬಂದಳೆಂದೇ ಹೇಳುವುದು ನಮ್ಮ ಕಥೆಗಾರರ ರೂಢಿ. ಇಲ್ಲಿ ಹಿಂದೆ ಬಂದವಳು ಮೊದಲು ಮುಟ್ಟಿದಳು. ಈ ಮಾತನ್ನು ಮುಚ್ಚಿಡದೆ ಗಂಡನ ಪ್ರಸಂಗದಲ್ಲಿಯೇ ಸೇರಿಸಿದ್ದು ಆ ಸಂಕಲನಕಾರರ ದೊಡ್ಡತನ.

ಮಾರಯ್ಯನ ವಚನಗಳು ಎಂಟುನೂರಕ್ಕೂ ಹೆಚ್ಚು ಉಳಿದಿವೆ, ಮಹಾದೇವಿಯಮ್ಮನವು ಎಪ್ಪತ್ತರಷ್ಟು. ಅವನ ಅಂಕಿತ ‘ನಿಃಕಳಂಕ ಮಲ್ಲಿಕಾರ್ಜುನ’. ಅವಳು ಅದನ್ನೇ ‘ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕ ಮಲ್ಲಿಕಾರ್ಜುನ’ ಎಂದು ತನ್ನದಾಗಿಸಿಕೊಂಡಳು. ಗಂಡನ ಅಂಕಿತಕ್ಕೆ ‘ಇಮ್ಮಡಿ’ ಎಂಬ ಒಂದು ಮಾತು ಕೂಡಿತು. ಶರಣರ ವಚನಗಳನ್ನು ಓಲೆಗರಿಗಳಿಂದ ಅಚ್ಚಿಗೆ ತರಲು ತಮ್ಮ ಗಳಿಕೆಯನ್ನೆಲ್ಲ ಸುರಿದ ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲರಾಗಿದ್ದವರು ಎಂಬುದನ್ನು ಈ ಭಾಗದವರು ಅಭಿಮಾನದಿಂದ ನೆನೆಯಬಹುದು.

ಬಿಲ್ಹಣನ ಪ್ರವಾಸದಿಂದ ನಮಗೆ ಊರುಗಳ ಹೆಸರು ತಿಳಿಯುತ್ತವೆ. ಇತಿಹಾಸಕ್ಕೆ ಅದು ಬೇಕು. ಈ ದಂಪತಿಗಳಿಂದ ತಿಳಿಯುವುದು ಬೇರೆ: ಊರು ಬಿಡುವುದು ಒಂದು ದಿನದ ಕೆಲಸ, ಬಂದ ಊರಿನಲ್ಲಿ ದುಡಿದು ನಿಲ್ಲುವುದು ಬಾಳಿನುದ್ದದ ಕೆಲಸ.